ಮೂರು ಬೊಟ್ಟಿನ ಬ್ಯಾಟರಿ

ಹಿಮ ಅಧ್ಯಯನ ಕೇಂದ್ರ, ನಯೋರೋ ಹತ್ತಿರ, ಹೊಕ್ಕೈಡೋ
8 ಜನವರಿ 2026

ಇಂದಿರಕ್ಕಾ,

ಒಡಹುಟ್ಟಿದ ತಮ್ಮನಿಗೂ ಅಚ್ಚು ಹಾಕಿಸಿದ ಕಾರ್ಡನ್ನೇ ಕಳಿಸಿದ್ದೀಯಲ್ಲ, ತಲುಪಿತು. "ಮನೆಯಲ್ಲಿ ಸಾವು ಸಂಭವಿಸಿರುವುದರಿಂದ ಈ ಸಲ ಹೊಸ ವರ್ಷದ ಶುಭಾಶಯ ಹೇಳಲಾಗುತ್ತಿಲ್ಲ, ಕ್ಷಮೆಯಿರಲಿ" ಎಂದು ಶುದ್ಧ ಜಪಾನೀ ಭಾಷೆಯಲ್ಲಿ, ಬೂದು ಬಣ್ಣದ ಹೂವಿನ ಕೆಳಗೆ. ಸತ್ತವರು ನನಗೂ ಭಾವ ಆಗಬೇಕು, ಸುದ್ದಿ ಏಪ್ರಿಲ್ಲಿನಲ್ಲೇ ಸಿಕ್ಕಿತ್ತು. ಈ ಕೇಂದ್ರ ನೋಡಿಕೊಳ್ಳುವ ಕುದೋ ಸಾನ್‌ಗೂ ಅದೇ ಕಾರ್ಡು ಬಂದಿದೆ. ಒಂದೇ ಮೇಜಿನ ಎರಡು ಕಡೆ ಕೂತು ಇಬ್ಬರೂ ಒಂದೇ ಕಾರ್ಡು ಓದಿದೆವು. ಅವರು ತಲೆ ಬಗ್ಗಿಸಿದರು, ನಾನೂ ಬಗ್ಗಿಸಿದೆ. ಯಾರು ಯಾರಿಗೆ ಸಂತಾಪ ಹೇಳಿದ್ದೆಂದು ತೀರ್ಮಾನವಾಗಲಿಲ್ಲ.

ನೀನು ಫೋನು ಎತ್ತುವುದಿಲ್ಲ. ಮೆಸೇಜು ಓದುವುದಿಲ್ಲ. ನಿನ್ನ ಮಗಳು ಪ್ರಣತಿಯನ್ನು ಕೇಳಿದರೆ, "ಮಾಮಾ, ಅಮ್ಮ ಪೋಸ್ಟ್ ಮಾತ್ರ ಓಪನ್ ಮಾಡ್ತಾಳೆ. ಬಿಲ್ ಇರತ್ತಲ್ಲ" ಅಂದಳು. ಆದ್ದರಿಂದ ಕರೆಂಟು ಬಿಲ್ಲಿನ ವೇಷದಲ್ಲಿ ಬಂದಿದ್ದೇನೆ.

ವಿಷಯ ಇಷ್ಟೇ. ನಮ್ಮ ಸ್ನೋಮೊಬೈಲಿನ ಬ್ಯಾಟರಿ ತೀರಿಕೊಂಡಿದೆ. ಭಾವ "ನನ್ನ ಎರಡನೇ ಮಗಳು" ಎಂದು ಎಲ್ಲರಿಗೂ ಪರಿಚಯಿಸುತ್ತಿದ್ದರಲ್ಲ, ಅದೇ ಗಾಡಿ. ಮುಂದೆ ಎರಡು ಹಲಗೆ, ಹಿಂದೆ ರಬ್ಬರಿನ ಪಟ್ಟಿ, ನಡುವೆ ಮುನ್ನೂರು ಕಿಲೋ ಅಹಂಕಾರ. ಎಳೆದು ಚಾಲೂ ಮಾಡಲು ಹಗ್ಗವಿಲ್ಲ. ನಾವು ಗುಂಡಿ ಒತ್ತಬೇಕು, ಅದು ಒಪ್ಪಬೇಕು. ಐದನೇ ತಾರೀಖು ಬೆಳಿಗ್ಗೆ, ಮೈನಸ್ ಇಪ್ಪತ್ತಾರು ಡಿಗ್ರಿಯಲ್ಲಿ ಒತ್ತಿದೆ. ಟಿಕ್ ಅಂದಿತು. ಮತ್ತೆ ಒತ್ತಿದೆ. ಟಿಕ್ ಅನ್ನುವ ಸೌಜನ್ಯವೂ ಹೋಯಿತು.

ಕುದೋ ಸಾನ್ ತಾವು ಬೆನ್ನಿಗೆ ಅಂಟಿಸಿಕೊಳ್ಳುವ ಬಿಸಿ ಪಟ್ಟಿಗಳನ್ನು ಆರು ತಂದು ಬ್ಯಾಟರಿಯ ನೆತ್ತಿಗೆ ಅಂಟಿಸಿ, ಮೇಲೆ ಮಫ್ಲರ್ ಸುತ್ತಿದರು. ಕೆಮ್ಮು ಹತ್ತಿದ ಹೆಡ್‌ಮಾಸ್ಟರ ಹಾಗೆ ಕಾಣುತ್ತಿತ್ತು. ಕೊನೆಗೆ ಜೀಪಿನಿಂದ ತಂತಿ ಎಳೆದು ಎಬ್ಬಿಸಿದೆವು. ತಂತಿ ತೆಗೆದ ಕೂಡಲೇ ಎಂಜಿನ್ ನಿಂತಿತು. ಶೆಡ್ಡಿನಲ್ಲಿ ನಿಂತರೆ ಪರವಾಗಿಲ್ಲ. ಗುಡ್ಡದ ಮೇಲೆ ನಿಂತರೆ ಜೀಪು ಅಲ್ಲಿಗೆ ಬರುವುದಿಲ್ಲ.

ಗುಡ್ಡದ ನೆತ್ತಿಯಲ್ಲಿ ಹಿಮ ಅಳೆಯುವ ಮಾಪಕವಿರುವುದು ನಿನಗೆ ಗೊತ್ತು. ಆರು ಕಿಲೋಮೀಟರ್ ದಾರಿ. ಹತ್ತು, ಇಪ್ಪತ್ತು, ಮೂವತ್ತು, ಹೀಗೆ ತಿಂಗಳಿಗೆ ಮೂರು ಸಲ ಹೋಗಿ ಅದರ ಮುಖದ ಮೇಲಿನ ಹಿಮ ಕೆರೆದು ಬರಬೇಕು, ಇಲ್ಲದಿದ್ದರೆ ಅದು ಕುರುಡಾಗುತ್ತದೆ. ಅದು ಕೊಡುವ ಅಂಕಿ ನೋಡಿಯೇ ಕೆಳಗಿನ ಹಳ್ಳಿಯವರು ಶಾಲೆಯ ಬಸ್ಸು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದು. ಸದ್ಯಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದೇನೆ, ಆ ಚಿಂತೆ ಬೇಡ.

ಹೊಸ ಬ್ಯಾಟರಿ ಬೇಕೆಂದು ಆಫೀಸಿಗೆ ಬರೆದರೆ ಒಂದು ಫಾರ್ಮು ಕಳಿಸಿದ್ದಾರೆ. ವಸ್ತು ನಿಷ್ಕ್ರಿಯವಾದ ದಿನಾಂಕ, ಸಮಯ, ಕಾರಣ, ಆಗ ಹತ್ತಿರ ಇದ್ದವರು. ಕಾರಣಕ್ಕೆ ಏನು ಬರೆಯಲಿ? ಭಾವ ಬ್ಯಾಟರಿಯ ಬಗ್ಗೆ ಊಟದ ಹೊತ್ತಿನಲ್ಲೆಲ್ಲ ಉಪನ್ಯಾಸ ಕೊಡುತ್ತಿದ್ದರಲ್ಲ, ನಿನಗೆ ಏನಾದರೂ ನೆನಪಿದ್ದರೆ ಬರೆ. ಇದನ್ನು ಬದುಕಿಸಲು ಆಗುತ್ತದೆಯೋ ಇಲ್ಲವೋ ಅಷ್ಟು ತಿಳಿದರೆ ಸಾಕು.

ನಿನ್ನ ತಮ್ಮ
ಅಶ್ವತ್ಥ

*

ನಿಶಿ ಕಸಾಯಿ, ಟೋಕಿಯೋ
13 ಜನವರಿ

ಅಶ್ವತ್ಥ,

ನಿನ್ನ ಬ್ಯಾಟರಿ ತಾನಾಗಿ ಸತ್ತಿತೋ, ಅಥವಾ ಅಕ್ಕನಿಗೆ ಒಂದು ಕೆಲಸ ಇರಲಿ ಎಂದು ನೀನೂ ಪ್ರಣತಿಯೂ ಸೇರಿ ಸಾಯಿಸಿದಿರೋ ಗೊತ್ತಿಲ್ಲ. ಹೋದ ತಿಂಗಳು ಅವಳು ನನಗೆ ಹೊಲಿಗೆ ಕ್ಲಾಸು ಹುಡುಕಿದ್ದಳು. ಈ ತಿಂಗಳು ಬ್ಯಾಟರಿ. ಇರಲಿ, ಪತ್ರ ಒಡೆದ ತಪ್ಪಿಗೆ ಉತ್ತರ ಬರೆಯುತ್ತೇನೆ.

ಫಾರ್ಮುಗಳಲ್ಲಿ ನಾನೀಗ ಪಂಡಿತೆ. ಎಡೋಗಾವಾ ವಾರ್ಡ್ ಆಫೀಸಿನಲ್ಲಿ ಹದಿನಾಲ್ಕು ತುಂಬಿದ್ದೇನೆ. ಎಲ್ಲದರಲ್ಲೂ ಕಾರಣ ಎಂಬ ಕಾಲಂ ಇರುತ್ತದೆ, ಅದರಲ್ಲಿ ಆಸ್ಪತ್ರೆಯವರು ಕೊಟ್ಟ ಪದವನ್ನು ನೋಡಿ ಬರೆಯಬೇಕು, ಸ್ವಂತ ಬುದ್ಧಿ ಓಡಿಸಬಾರದು. ಹತ್ತಿರ ಇದ್ದವರು ಎಂಬಲ್ಲಿ ನನಗೂ ತೊಡಕಾಯಿತು. ಬೆಳಿಗ್ಗೆ ಎಂಟೂವರೆಯ ತೋಜಾಯ್ ಲೈನಿನ ರೈಲು ಡಬ್ಬಿಯಲ್ಲಿ ಇವರು ಕುಸಿದಾಗ ಹತ್ತಿರ ಇನ್ನೂರು ಜನ ಇದ್ದರು. ಸಂಬಂಧಿಕರು ಮಾತ್ರ ಎಂದಳು ಕೌಂಟರಿನ ಹುಡುಗಿ. ಯಾರೂ ಇಲ್ಲ ಎಂದು ಬರೆದೆ. ನೀನೂ ಹಾಗೇ ಬರೆ.

ಬ್ಯಾಟರಿಯ ವಿಷಯ. ಇವರು ಹೇಳುತ್ತಿದ್ದುದು ನೆನಪಿರುವಷ್ಟು: ಚಾರ್ಜು ತುಂಬಿದ ಬ್ಯಾಟರಿ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದು ಕಟ್ಟುತ್ತದೆ. ಗಾಡಿಯಿಂದ ಬಿಚ್ಚಿ ಒಳಗೆ ತಂದಿಡು. ಹೆಪ್ಪುಗಟ್ಟಿದ್ದಕ್ಕೆ ಚಾರ್ಜರ್ ಹಾಕಬೇಡ, ಒಡೆಯುತ್ತದೆ. ಪೂರ್ತಿ ಕರಗಿದ ಮೇಲೆ ಒರೆಸಿ ನೋಡು. ಹೊಟ್ಟೆ ಉಬ್ಬಿದ್ದರೆ ಮುಗಿಯಿತು. ಉಬ್ಬದಿದ್ದರೆ ನಿಧಾನದ ಚಾರ್ಜಿನಲ್ಲಿ ಎರಡು ದಿನ ಬಿಡು. ಬ್ಯಾಟರಿಗೂ ಮನುಷ್ಯರಿಗೂ ಹೋಲಿಸಿ ನೀನು ಏನಾದರೂ ಬರೆದರೆ ಮುಂದಿನ ಪತ್ರ ಒಡೆಯದೆ ವಾಪಸ್ ಕಳಿಸುತ್ತೇನೆ. ಕನ್ನಡ ಬಳಗದ ಜಾಹ್ನವಿ ಆ ಕೆಲಸ ಆಗಲೇ ಮುಗಿಸಿದ್ದಾಳೆ. "ನೀವೂ ಸ್ವಲ್ಪ ರೀಚಾರ್ಜ್ ಆಗ್ಬೇಕು ಆಂಟಿ" ಅಂದಳು. ಆಗ್ತೀನಮ್ಮ ಅಂದೆ.

ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತೇನೆ. ರುಚಿ ಗೊತ್ತಾಗುವುದಿಲ್ಲ, ಅದಕ್ಕೆ ಉಪ್ಪನ್ನು ಅಳತೆಯ ಚಮಚದಲ್ಲಿ ಹಾಕುತ್ತೇನೆ. ಪ್ರಣತಿ ಒಸಾಕಾದಿಂದ ಬಂದು ಐದು ದಿನ ಇದ್ದಳು. ಒಂದು ದಿನ ಕಸ ಹೀರುವ ಮಿಷಿನ್ನಿಗೆಂದು ಬಾಗಿಲ ಬಳಿ ಚಪ್ಪಲಿ ಕಪಾಟಿನ ಸಾಕೆಟ್ಟಿಗೆ ಕೈ ಹಾಕಿದಳು, ನಾನು ಬೈದೆ. "ವೈ ಅಮ್ಮಾ?" ಎಂದಳು. ಸುಮ್ಮನೆ ಎಂದೆ. ಆಮೇಲೆ ಇಬ್ಬರೂ ಟೀವಿ ನೋಡಿದೆವು. ಅವಳು ಹೋದ ಮೇಲೂ ಟೀವಿ ಇತ್ತು.

ಬೇರೆ ವ್ಯವಸ್ಥೆ ಎಂದರೆ ಏನು?

ಇಂದಿರಾ

*

ಹಿಮ ಕೇಂದ್ರ
20 ಜನವರಿ

ಅಕ್ಕಾ,

ನಿನ್ನ ಆದೇಶದಂತೆ ಮೃತರನ್ನು ಬಿಚ್ಚಿ ಒಳಗೆ ತಂದೆವು. ಒಲೆಯ ಪಕ್ಕದಲ್ಲಿ, ಪತ್ರಿಕೆಯ ಹಾಸಿಗೆಯ ಮೇಲೆ, ಎರಡು ದಿನ ದರ್ಶನಕ್ಕೆ ಇಟ್ಟಿದ್ದೆವು. ಕುದೋ ಸಾನ್ ದಾಟಿಕೊಂಡು ಹೋಗುವಾಗಲೆಲ್ಲ "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಿದ್ದರು. ಕರಗಿದ ಮೇಲೆ ನೋಡಿದರೆ ಹೊಟ್ಟೆ ಎರಡೂ ಕಡೆ ಉಬ್ಬಿದೆ, ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೂ ಕೂತವನಂತೆ. ಮುಗಿಯಿತು ಎಂದು ಫಾರ್ಮಿನಲ್ಲಿ ಬರೆದೆ. ಊರಿನ ಅಂಗಡಿಯವನು ನಮ್ಮ ಗಾಡಿಯ ವಯಸ್ಸು ಕೇಳಿ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡ. ಈ ಅಳತೆಯದು ತರಿಸಬೇಕಂತೆ, ಫೆಬ್ರವರಿ ಕೊನೆ ಆಗುತ್ತದಂತೆ.

ಆದರೆ ಒಂದು ವಿಚಿತ್ರ. ಒದ್ದೆ ಬಟ್ಟೆಯಲ್ಲಿ ಗ್ರೀಸು ಒರೆಸಿದಾಗ ಪಕ್ಕದಲ್ಲಿ ಕುಂಕುಮದ ಬೊಟ್ಟುಗಳು ಸಿಕ್ಕವು. ಪ್ರತಿ ವರ್ಷ ಆಯುಧಪೂಜೆಗೆ ಭಾವ ಇಲ್ಲಿಗೆ ಬಂದು, ಗಾಡಿ ತೊಳೆದು, ಮುಚ್ಚಳ ತೆಗೆದು, ಬ್ಯಾಟರಿಗೆ ಒಂದು ಬೊಟ್ಟಿಟ್ಟು ಪಕ್ಕದಲ್ಲಿ ಇಸವಿ ಬರೆಯುತ್ತಿದ್ದರಲ್ಲ. ಇಪ್ಪತ್ತೆರಡು ವರ್ಷ ಕಂಪ್ಯೂಟರಿನ ಮುಂದೆ ಕೂತವರಿಗೆ, ಮುಟ್ಟಿದರೆ ಕೈಗೆ ಗ್ರೀಸು ಅಂಟುವ ಒಂದು ದೇವರು ಬೇಕಾಗಿತ್ತು. ಕುದೋ ಸಾನ್ ಕೂಡ ಆ ದಿನ ಟೋಪಿ ತೆಗೆದು ನಿಲ್ಲುತ್ತಿದ್ದರು, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದಾಗ ಮಾತ್ರ ಹಣ್ಣು ಹಾಳಾಯಿತೆಂದು ಮರುಗುತ್ತಿದ್ದರು.

ಈ ಬ್ಯಾಟರಿಯಲ್ಲಿ ನಾಲ್ಕು ಬೊಟ್ಟುಗಳಿವೆ. 2018, 19, 20, 21. ಅಲ್ಲಿಗೆ ನಿಂತಿದೆ. 2022ರಲ್ಲಿ ಹೊಸದು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಮೂರು ಬೊಟ್ಟುಗಳಿರಬೇಕು, ಮೂರನೆಯದನ್ನು 2024ರಲ್ಲಿ ನನ್ನ ಕೈಯಲ್ಲೇ ಇಡಿಸಿದ್ದರು. ಆ ಮೂರು ಬೊಟ್ಟಿನದು ಎಲ್ಲಿ? ಕುದೋ ಸಾನ್ ಯೋಚಿಸಿ ಹೇಳಿದರು: ಹೋದ ಮಾರ್ಚಿನಲ್ಲಿ ನಾನು ಸೆಂದಾಯ್‌ಗೆ ಹೋಗಿದ್ದಾಗ ಭಾವ ಕಾರಿನಲ್ಲಿ ಬಂದು ಒಂದು ನೀಲಿ ಪೆಟ್ಟಿಗೆ ತೆಗೆದುಕೊಂಡು ಹೋದರಂತೆ. ಹಳೆಯದನ್ನು ಗಾಡಿಯೊಳಗೆ ಇಟ್ಟು, "ಖಾಲಿ ಬಿಟ್ಟರೆ ಇಲಿ ಗೂಡು ಕಟ್ಟುತ್ತೆ" ಅಂದರಂತೆ. ಅದಾದ ಐದನೇ ವಾರಕ್ಕೆ ನಿನ್ನ ಫೋನು ಬಂತು.

ತಪ್ಪು ನನ್ನದು. ವರ್ಷ ತುಂಬದೆ ಹಬ್ಬ ಬೇಡವೆಂದು ಹೋದ ಅಕ್ಟೋಬರಿನಲ್ಲಿ ನಾನು ಆಯುಧಪೂಜೆ ಮಾಡಲಿಲ್ಲ. ಮಾಡಿದ್ದರೆ ಮುಚ್ಚಳ ತೆಗೆಯುತ್ತಿದ್ದೆ, ತೆಗೆದಿದ್ದರೆ ನೋಡುತ್ತಿದ್ದೆ. ಅಕ್ಟೋಬರಿನಲ್ಲಿ ಕೇಳಿದ್ದರೆ ಇಷ್ಟು ಹೊತ್ತಿಗೆ ಹೊಸದು ಬಂದಿರುತ್ತಿತ್ತು.

ಮನೆಯಲ್ಲಿ ನೀಲಿ ಪೆಟ್ಟಿಗೆ ಎಲ್ಲಾದರೂ ಕಂಡಿದೆಯೇ? ಪೆನ್ಸಿಲಿನಲ್ಲಿ ಬರೆದಿರುವುದಕ್ಕೆ ಕ್ಷಮಿಸು, ಪೆನ್ನಿನ ಶಾಯಿ ಹೆಪ್ಪುಗಟ್ಟಿದೆ. ಬೇರೆ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ.

ಅಶ್ವತ್ಥ

*

(ಅಂಚೆ ಕಾರ್ಡು)
ನಿಶಿ ಕಸಾಯಿ
24 ಜನವರಿ

ಅಶ್ವತ್ಥ,

ಪತ್ರ ತಲುಪಿತು. ಮನೆಯಲ್ಲಿ ಪೆಟ್ಟಿಗೆಗಳು ಬಹಳ ಇವೆ, ನೋಡುತ್ತೇನೆ. ಒಲೆ ಉರಿಯುವ ಕೋಣೆಯಲ್ಲಿ ಶಾಯಿ ಹೇಗೆ ಹೆಪ್ಪುಗಟ್ಟುತ್ತದೆ?

ಇಂದಿರಾ

*

ಹಿಮ ಕೇಂದ್ರ
30 ಜನವರಿ

ಅಕ್ಕಾ,

ಕಾರ್ಡಿಗೆ ವಂದನೆಗಳು. ಆರು ದಿನದಿಂದ ನೀನು ಸುಮ್ಮನಿರುವುದನ್ನು ನೋಡಿದರೆ ಪೆಟ್ಟಿಗೆ ಸಿಕ್ಕಿಲ್ಲವೆಂದು ಅರ್ಥ. ಕಾರು ಮಾರಿದಾಗ ಅದರ ಡಿಕ್ಕಿಯಲ್ಲೇ ಹೋಗಿರಬೇಕು. ಚಿಬಾದಲ್ಲಿ ಯಾರೋ ಒಬ್ಬರ ಕಾರಿನ ಹಿಂದೆ ಕುಂಕುಮವಿಟ್ಟ ಪೆಟ್ಟಿಗೆ ಓಡಾಡುತ್ತಿರಬಹುದು, ಅವರಿಗೆ ಒಳ್ಳೆಯದಾಗಲಿ. ಇನ್ನು ಹುಡುಕಬೇಡ.

ಇವತ್ತು ಗುಡ್ಡಕ್ಕೆ ಹೋಗಿ ಬಂದೆ. ಮಾಪಕದ ಮೇಲೆ ಒಂದು ಮೊಳ ಹಿಮ ಇತ್ತು, ಕೆರೆದೆ. ಅಂಕಿ ಬಂತು, ಬಸ್ಸು ಹೋಯಿತು. ಮೇಲೆ ನಿಂತಾಗ ಏನೂ ಅನ್ನಿಸಲಿಲ್ಲ. ಮೊದಲೆಲ್ಲ ಭಾವ ಪಕ್ಕದಲ್ಲಿ ನಿಂತು "ನೋಡೋ, ಒಂದು ಸ್ವಿಚ್ಚೂ ಇಲ್ಲದ ಜಾಗ" ಎನ್ನುತ್ತಿದ್ದರು. ಈಗ ಜಾಗ ಮಾತ್ರ ಇದೆ.

ನನ್ನ ಅಕ್ಷರ ಇನ್ನೂ ಕೆಟ್ಟಿದೆ, ಎಡಗೈಯಲ್ಲಿ ಬರೆಯುವ ಅಭ್ಯಾಸ ಮಾಡುತ್ತಿದ್ದೇನೆ. ಮೆದುಳಿಗೆ ಒಳ್ಳೆಯದಂತೆ. ಈ ಹಾಳೆಯ ಕೆಳಗೆ ಕುದೋ ಸಾನ್ ನಾಲ್ಕು ಸಾಲು ಸೇರಿಸಿದ್ದಾರೆ. ಏನು ಎಂದು ಕೇಳಿದೆ, ಹವಾಮಾನ ಎಂದರು. ಅವರ ಕೈಬರಹ ಓದುವಷ್ಟು ಜಪಾನೀ ನನಗೆ ಬರುವುದಿಲ್ಲ, ನೀನು ಓದಿಕೋ.

ಅಶ್ವತ್ಥ

*

ನಿಶಿ ಕಸಾಯಿ
2 ಫೆಬ್ರವರಿ

ಅಶ್ವತ್ಥ,

ಕುದೋ ಸಾನ್ ಬರೆದಿರುವ ಹವಾಮಾನ ಹೀಗಿದೆ: "ನಿಮ್ಮ ತಮ್ಮ ಪ್ರತಿ ಹತ್ತು ದಿನಕ್ಕೆ ಗುಡ್ಡಕ್ಕೆ ನಡೆದು ಹೋಗುತ್ತಾರೆ. ಒಬ್ಬರೇ ಹೋಗುತ್ತಾರೆ. ಬಲಗೈಯ ಎರಡು ಬೆರಳು ಬೆಳ್ಳಗಾಗಿವೆ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಇನ್ನೊಂದು ಸಲ ಹೀಗೆ ಹೋದರೆ ಬೆರಳು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಹತ್ತನೇ ತಾರೀಖು ಮತ್ತೆ ಹೊರಡುತ್ತಾರೆ. ನನ್ನ ಮಾತು ಕೇಳುವುದಿಲ್ಲ. ಕ್ಷಮಿಸಿ."

ನಿನ್ನ ಬೇರೆ ವ್ಯವಸ್ಥೆಗೆ ಎರಡು ಕಾಲು ಇದ್ದದ್ದು ನನಗೆ ಮೊದಲೇ ಹೊಳೆಯಬೇಕಿತ್ತು.

ನೀನು ಸುಳ್ಳು ಬರೆದೆ. ನಾನೂ ಬರೆದೆ. ಪೆಟ್ಟಿಗೆ ಜನವರಿ ಇಪ್ಪತ್ತಮೂರಕ್ಕೇ ಸಿಕ್ಕಿದೆ. ಸಿಗುವುದೇನು, ಅದು ಎಲ್ಲೂ ಹೋಗಿರಲಿಲ್ಲ. ಬಾಗಿಲ ಬಳಿ, ಚಪ್ಪಲಿ ಕಪಾಟಿನ ಕೆಳಗಿನ ಅರೆಯಲ್ಲಿ, ಟವೆಲ್ ಹೊದೆಸಿ ಇಟ್ಟಿದ್ದಾರೆ. ಪಕ್ಕದಲ್ಲಿ ಒಂದು ಚಾರ್ಜರ್, ಅದರಲ್ಲಿ ಹಸಿರು ದೀಪ. ಇವರ ಆಫೀಸಿನದು ಏನೋ ಎಂದುಕೊಂಡಿದ್ದೆ. ನಿನ್ನ ಪತ್ರ ಓದಿ ಟವೆಲ್ ಎತ್ತಿದೆ. ಮೂರು ಬೊಟ್ಟುಗಳಿವೆ. ಮೂರನೆಯದು ಸೊಟ್ಟಗಿದೆ, ನಿನ್ನದೇ. ಬೇಸಿಗೆಯೆಲ್ಲ ಇಲ್ಲಿ ಚಾರ್ಜಿನಲ್ಲಿಟ್ಟು ಚಳಿಗಾಲಕ್ಕೆ ಮರಳಿ ತರುವ ಯೋಚನೆ ಇವರಿಗಿದ್ದಿರಬೇಕು.

ಯಾಕೆ ಹೇಳಲಿಲ್ಲ ಎಂದರೆ, ನನ್ನ ಕೆಟ್ಟ ಅಭ್ಯಾಸ ನಿನಗೆ ಗೊತ್ತು. ಮನೆಯಿಂದ ಹೊರಡುವ ಮುಂಚೆ ಎಲ್ಲಾ ಸ್ವಿಚ್ಚು ಆರಿಸಬೇಕು ಎಂದು ಅಮ್ಮ ಕಲಿಸಿದ್ದು. ಇಲ್ಲಿ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲ. ಅದಕ್ಕೆ ನಾನು ಪ್ಲಗ್ಗುಗಳನ್ನೇ ಕಿತ್ತು ಹೋಗುತ್ತಿದ್ದೆ. ಒಂದು ಸಲ ಫ್ರಿಜ್ಜಿನದು ಕಿತ್ತು ನಾಲ್ಕು ದಿನ ಕ್ಯೋಟೋಗೆ ಹೋಗಿದ್ದೆವು. ವಾಪಸ್ ಬಂದು ಬಾಗಿಲು ತೆಗೆದಾಗ ಇವರು ಒಂದೇ ಮಾತು ಅಂದದ್ದು: "ಇಂದೂ, ಹಾಲು ಮೊಸರಾಗಿದೆ, ಮೊಸರು ಏನಾಗಿದೆ ಅಂತ ಜಪಾನಿನಲ್ಲಿ ಹೆಸರಿಲ್ಲ." ಅಂದಿನಿಂದ ಮುಖ್ಯವಾದ ಪ್ಲಗ್ಗಿಗೆಲ್ಲ ಪಟ್ಟಿ ಅಂಟಿಸುತ್ತಿದ್ದರು. ಈ ಚಾರ್ಜರಿನ ಮೇಲೂ ಅಂಟಿಸಿದ್ದಾರೆ: ನಾನು ಹೇಳುವ ತನಕ ಕೀಳಬೇಡ.

ಹೇಳಿಲ್ಲ.

ಹತ್ತು ತಿಂಗಳಲ್ಲಿ ಇವರ ಬಟ್ಟೆ ಕೊಟ್ಟೆ, ಕಾರು ಕೊಟ್ಟೆ, ಕನ್ನಡಕ ಕೊಟ್ಟೆ. ಏನೂ ಅನ್ನಿಸಲಿಲ್ಲ. ಯಾರದೋ ಮನೆ ಖಾಲಿ ಮಾಡಿಕೊಡುತ್ತಿದ್ದೇನೆ ಅನ್ನುವ ಹಾಗೆ ಮಾಡಿದೆ. ಇದೊಂದು ಪ್ಲಗ್ಗು ಉಳಿದಿದೆ. ಹೊರಗಿನಿಂದ ಬಂದು ಚಪ್ಪಲಿ ಬಿಡುವಾಗ ಹಸಿರಾಗಿರುತ್ತದೆ. ಇವರು ಹೇಳಿದ ಮಾತುಗಳಲ್ಲಿ ನಾನು ಇನ್ನೂ ಕೇಳುತ್ತಿರುವುದು ಅದೊಂದೇ.

ನೀನು ಹೇಳಿದರೆ ಆಗುತ್ತದೆಯೇ? ಇವರ ಮಾತಿನ ಮೇಲೆ ನಿನ್ನ ಮಾತು ನಡೆಯುತ್ತದೆಯೇ? ಯೋಚಿಸಿ ಬರೆ.

ಇಂದಿರಾ

*

ಹಿಮ ಕೇಂದ್ರ
5 ಫೆಬ್ರವರಿ

ಅಕ್ಕಾ,

ನಿನ್ನ ಪತ್ರ ಈಗ ಬಂತು. ಬೆರಳಿನ ವಿಷಯ ಮುಚ್ಚಿಟ್ಟದ್ದು ತಪ್ಪು. ನೋವಿಲ್ಲ, ಇಲ್ಲದಿರುವುದೇ ದೂರು ಎಂದರು ಡಾಕ್ಟರು. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಏಪ್ರಿಲ್ಲಿನಿಂದ ಉಳಿದ ಭಾಗಗಳೂ ಸುಮಾರು ಹಾಗೇ ಇವೆ. ನಡೆದರೆ ಕಾಲಾದರೂ ನೋಯುತ್ತದೆ ಎಂದು ಹೋಗುತ್ತಿದ್ದೆ, ನಿಜ ಹೇಳಬೇಕೆಂದರೆ.

ನಿನ್ನ ಪ್ರಶ್ನೆಗೆ ಉತ್ತರ: ಕೀಳಬೇಡ. ಭಾವ ನನಗೂ ಒಂದು ಮಾತು ಹೇಳಿ ಹೋಗಿದ್ದರೆ ನಾನೂ ಕೀಳುತ್ತಿರಲಿಲ್ಲ. ಹೊಸದು ತಿಂಗಳ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಎರಡು ಸಲ ಹೋಗಬೇಕು, ಕೈಗವಸು ಮೂರು ಜೊತೆ ಹಾಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಹನ್ನೊಂದು ಮಕ್ಕಳಿದ್ದಾರೆ. ನನಗೆ ಎಂಟು ಬೆರಳಿವೆ. ದೀಪ ಇರಲಿ.

ಅಶ್ವತ್ಥ

*

ನಿಶಿ ಕಸಾಯಿ
5 ಫೆಬ್ರವರಿ

ಅಶ್ವತ್ಥ,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಪಾರ್ಸೆಲಿನವನನ್ನು ಕೇಳಿದೆ. ಬ್ಯಾಟರಿಯನ್ನು ವಿಮಾನಕ್ಕೆ ಹತ್ತಿಸುವುದಿಲ್ಲವಂತೆ. ಇದು ಆಸಿಡ್ ಸೋರದ ಜಾತಿ, ಹಾಗಾಗಿ ಲಾರಿಯಲ್ಲಿ, ಹಡಗಿನಲ್ಲಿ ಹೋಗಬಹುದಂತೆ, ನಾಲ್ಕು ದಿನ ಬೇಕಂತೆ. ನಿನ್ನ ಅಪ್ಪಣೆ ಬರುವುದನ್ನು ನೋಡುತ್ತಾ ಕೂತರೆ ಹತ್ತನೇ ತಾರೀಖು ದಾಟುತ್ತದೆ. ಅಲ್ಲದೆ ನೀನು ಏನು ಬರೆಯುತ್ತೀಯ ಎಂದು ನನಗೆ ಗೊತ್ತು. ಚಿಕ್ಕಂದಿನಲ್ಲಿ ಕೊನೆಯ ಚಕ್ಕುಲಿಯನ್ನು ನನ್ನ ಕಡೆ ತಳ್ಳಿ ಅಳುತ್ತಿದ್ದವನು ನೀನು.

ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಚಪ್ಪಲಿ ಕಪಾಟಿನ ಮುಂದೆ ಕೂತು ಪ್ಲಗ್ಗು ಕಿತ್ತೆ. ದೀಪ ಕೂಡಲೇ ಆರಲಿಲ್ಲ. ನಾಲ್ಕೈದು ಉಸಿರಿನಷ್ಟು ಹೊತ್ತು ಹಾಗೇ ಇತ್ತು, ಆಮೇಲೆ ಆರಿತು. ಅಳು ಬರುತ್ತದೆ ಎಂದು ಟವೆಲ್ಲನ್ನು ಕೈಯಲ್ಲೇ ಇಟ್ಟುಕೊಂಡಿದ್ದೆ. ಬರಲಿಲ್ಲ. ಏನೂ ಆಗಲಿಲ್ಲ. ಕಾಫಿ ಮಾಡಿ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಪಾರ್ಸೆಲಿನ ಹುಡುಗ ಬಂದಾಗ ಈ ಕೆಂಪು ಚುಕ್ಕೆಗಳು ಏನು, ಎಚ್ಚರಿಕೆಯ ಗುರುತೇ ಎಂದು ಕೇಳಿದ. ಹೌದು ಎಂದೆ. ಹಾಗಾದರೆ ಜೋಪಾನವಾಗಿ ಹಿಡಿಯುತ್ತೇನೆ ಎಂದು ಎರಡು ಕೈಯಲ್ಲೂ ಹಿಡಿದುಕೊಂಡು ಹೋದ.

ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿಡು. ಉಜ್ಜಬೇಡ.

ಇಂದಿರಾ

*

ಹಿಮ ಕೇಂದ್ರ
10 ಫೆಬ್ರವರಿ

ಅಕ್ಕಾ,

ನಿನ್ನೆ ಮಧ್ಯಾಹ್ನ ಪೆಟ್ಟಿಗೆ ಬಂತು. ಕುದೋ ಸಾನ್ ಬಾಗಿಲಲ್ಲಿ ನಿಂತು ಬಗ್ಗಿ ಬರಮಾಡಿಕೊಂಡರು. ಇವತ್ತು ಬೆಳಿಗ್ಗೆ ಮೈನಸ್ ಇಪ್ಪತ್ತೆಂಟು. ಗುಂಡಿ ಒತ್ತಿದೆ. ಮೊದಲ ಸಲ ಗೊರಗೊರ, ಎರಡನೇ ಸಲ ಹೊಗೆ, ಮೂರನೇ ಸಲ ಭಾವನ ಎರಡನೇ ಮಗಳು ಇಡೀ ಕಣಿವೆಗೆ ಕೇಳುವ ಹಾಗೆ ಬೈದಳು. ಕುದೋ ಸಾನ್ ಟೋಪಿ ತೆಗೆದರು. ಇಪ್ಪತ್ತು ನಿಮಿಷದಲ್ಲಿ ಮೇಲೆ ಹೋದೆ. ಕೈಗಳು ಹಿಡಿಕೆಯ ಬಿಸಿಯ ಮೇಲೆ ಇದ್ದವು. ಇಳಿಯುವಾಗ ಬಲಗೈಯ ಒಂದು ಬೆರಳು ಉರಿಯತೊಡಗಿತು. ಡಾಕ್ಟರಿಗೆ ಹೇಳಿದೆ, ಉರಿಯುವುದು ಒಳ್ಳೆಯದಂತೆ. ಇನ್ನೊಂದು ಇನ್ನೂ ಮಾತಾಡಿಲ್ಲ.

ಬೊಟ್ಟುಗಳ ಪಕ್ಕದಲ್ಲಿ ನೀನು ಅಂಟಿಸಿರುವ ಪಟ್ಟಿಯನ್ನು ಸ್ಥಾಪನೆ ಮಾಡುವಾಗ ನೋಡಿದೆವು. ಏನು ಬರೆದಿದೆ ಎಂದು ಕುದೋ ಸಾನ್ ಕೇಳಿದರು. ಓದಿ ಹೇಳಿದೆ: "ಹಿಮ ಕರಗಿದ ಮೇಲೆ ವಾಪಸ್ ಕಳಿಸು. ಚಾರ್ಜರ್ ಇಲ್ಲೇ ಇದೆ." ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ಹಾಳೆ ತಿರುಗಿಸಿ ಒಂದು ಗುರುತು ಹಾಕಿದರು.

ನಾಲ್ಕನೇ ಬೊಟ್ಟು ಇಟ್ಟಿಲ್ಲ. ಅಕ್ಟೋಬರಿಗೆ ಜಾಗ ಬಿಟ್ಟಿದ್ದೇನೆ. ಈ ಸಲ ಅದನ್ನು ಇಡುವ ಕೈ ಸೊಟ್ಟಗಿರದಿದ್ದರೆ ಒಳ್ಳೆಯದು, ಯಾರಾದರೂ ಬರುವ ಹಾಗಿದ್ದರೆ.

ಅಶ್ವತ್ಥ

*

(ಅಂಚೆ ಕಾರ್ಡು)
ನಿಶಿ ಕಸಾಯಿ
14 ಫೆಬ್ರವರಿ

ಅಶ್ವತ್ಥ,

ನಿನ್ನ ಎರಡೂ ಪತ್ರಗಳು ತಲುಪಿವೆ. "ಕೀಳಬೇಡ" ಎಂದು ಬರೆದದ್ದು, ಕಿತ್ತು ಎರಡು ದಿನವಾದ ಮೇಲೆ ಬಂತು. ಈ ಮನೆಯಲ್ಲಿ ಅಂಥ ಒಂದು ಪಟ್ಟಿಯೇ ಸಾಕಾಗಿತ್ತು.

ಇನ್ನೊಂದು ಬೆರಳಿನ ಸುದ್ದಿ ಬರೆ. ಗಾಡಿಯಿಂದ ಇಳಿದ ಮೇಲೆ ಕೀ ತೆಗೆಯುವುದನ್ನು ಮರೆಯಬೇಡ.

ಚಪ್ಪಲಿ ಕಪಾಟಿನ ಸಾಕೆಟ್ಟು ಖಾಲಿ ಇದೆ. ಏಪ್ರಿಲ್ ತನಕ ಅದಕ್ಕೆ ಬೇರೆ ಏನನ್ನೂ ಹಾಕಬಾರದು ಎಂದು ಪ್ರಣತಿಗೆ ಫೋನು ಮಾಡಿ ಹೇಳಿದ್ದೇನೆ.

ಇಂದಿರಾ